ನೀಲಿಯೊಳಗಿನ ಊರು

ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು ಸುಲಭವೆಂದು ನಂಬಿರುವವರು ಸಾಮಾನ್ಯವಾಗಿ ಚಿಕ್ಕ ಮಕ್ಕಳಿಗೆ ಎಂದೂ ಪಾಠ ಹೇಳದವರು. ಲೆಕ್ಕವಾದರೂ ಒಂದು ಬಗೆ. ಎರಡೂ ಎರಡೂ ನಾಲ್ಕೆಂದರೆ ಮಗು ಬೆರಳು ಮಡಿಸಿ ನೋಡಿಯಾದರೂ ಒಪ್ಪಿಕೊಳ್ಳುತ್ತದೆ. ಸಮಾಜದ ಪಾಠ ಹಾಗಲ್ಲ. ಎಂಟೊಂಬತ್ತು ವರ್ಷದ ಮಗುವಿಗೆ ನೂರು ವರ್ಷವೂ ಸಾವಿರ ವರ್ಷವೂ ಒಂದೇ. ಅಜ್ಜಿ ಹುಟ್ಟುವ ಮುಂಚೆ ನಡೆದದ್ದೆಲ್ಲ ಅದರ ಪಾಲಿಗೆ 'ಒಂದಾನೊಂದು ಕಾಲ'. ಹೊಯ್ಸಳ ವಿಷ್ಣುವರ್ಧನನನ್ನು ನಮ್ಮಜ್ಜಿ ನೋಡಿದ್ದರೇ ಎಂದು ಅದು ಕೇಳಿದರೆ ನಗುವಂತಿಲ್ಲ. ತಾನು ಬಲ್ಲ ಕಾಲದ ಕೋಲಿನಿಂದ ಬಲ್ಲದ ಕಾಲವನ್ನು ಅದು ಅಳೆಯುತ್ತಿದೆ, ಅಷ್ಟೇ.

ಗೊರೂರಿನ ಕಡೆಯ ಒಂದು ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಈ ಮಾತು ಮನಸ್ಸಿಗೆ ಇಳಿಯಲು ಹನ್ನೆರಡು ವರ್ಷಗಳ ನೌಕರಿ ಬೇಕಾಯಿತು. ಇಳಿಸಿದವಳು ನಾಲ್ಕನೆಯ ತರಗತಿಯ ಒಬ್ಬ ಹುಡುಗಿ.

ಗೊರೂರು ಕನ್ನಡದ ಓದುಗರಿಗೆ ಹೊಸ ಊರಲ್ಲ. ಹೇಮಾವತಿಯ ದಡದ ಈ ಹಳ್ಳಿಯನ್ನು ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಪ್ರಬಂಧಗಳ ಮೂಲಕ ನಾಡಿನ ಮನೆಮನೆಗೂ ತಲುಪಿಸಿದರು. 1980ರಲ್ಲಿ ಅವರ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಊರಿನ ಹೆಸರೂ ದಿಲ್ಲಿಯವರೆಗೆ ಹೋಗಿ ಬಂದಿತು. ಅದರ ಹಿಂದಿನ ವರ್ಷ, 1979ರಲ್ಲಿ, ಊರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಅಣೆಕಟ್ಟೆಯ ಕೆಲಸ ಮುಗಿದಿತ್ತು. ಮೂಡಿಗೆರೆಯ ಕಡೆ ಹುಟ್ಟಿ, ಸಕಲೇಶಪುರವನ್ನು ಹಾದು, ಯಗಚಿಯನ್ನು ಕೂಡಿಕೊಂಡು ಬರುವ ಹೊಳೆ ಇಲ್ಲಿ ನಿಂತು ಸುಮಾರು 37 ಟಿ.ಎಂ.ಸಿ. ಅಡಿ ನೀರಿನ ಜಲಾಶಯವಾಯಿತು.

ಕರ್ನಾಟಕದಲ್ಲಿ ಈಗ ಐದನೆಯ ತರಗತಿಯವರೆಗೆ ಚರಿತ್ರೆ, ಭೂಗೋಳ, ಪೌರನೀತಿ ಎಂಬ ಬೇರೆ ಬೇರೆ ಪುಸ್ತಕಗಳಿಲ್ಲ. ಎಲ್ಲವೂ 'ಪರಿಸರ ಅಧ್ಯಯನ'ದಲ್ಲಿಯೇ ಅಡಕ. ಶಾಲೆಯ ಹೊರಗಿನ ಬದುಕಿಗೂ ಒಳಗಿನ ಪಾಠಕ್ಕೂ ಸೇತುವೆ ಇರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಮಾತು ಹೊಸದೇನಲ್ಲ. 1896ರಲ್ಲಿ ಷಿಕಾಗೋ ನಗರದಲ್ಲಿ ಶಾಲೆ ತೆರೆದ ಜಾನ್ ಡ್ಯೂಯಿ ಮಕ್ಕಳ ಸಮಾಜಪಾಠವನ್ನು ಮನೆಯ ಅಡಿಗೆ, ಹೊಲಿಗೆ, ಮರಗೆಲಸಗಳಿಂದಲೇ ಆರಂಭಿಸಿದ್ದರು. ಮೇಷ್ಟರು ಇದನ್ನೆಲ್ಲ ತರಬೇತಿಯಲ್ಲಿ ಓದಿದ್ದರು, ಪರೀಕ್ಷೆಯಲ್ಲಿ ಬರೆದಿದ್ದರು, ಆಮೇಲೆ ಮರೆತಿದ್ದರು.

ಒಂದು ದಿನ ಅವರು ಹಲಗೆಯ ಮೇಲೆ ಅಣೆಕಟ್ಟೆಯ ಉಪಯೋಗಗಳನ್ನು ಬರೆದು, ಹೊಳೆಯನ್ನೂ ಜಲಾಶಯವನ್ನೂ ತೋರಿಸುವ ನಕ್ಷೆ ಬರೆಯಿರೆಂದು ಮಕ್ಕಳಿಗೆ ಹೇಳಿದರು. ಎಲ್ಲರೂ ನೀಲಿ ಬಣ್ಣ ಬಳಿದರು. ಆ ಹುಡುಗಿ ಮಾತ್ರ ನೀಲಿಯ ನಡುವೆ ನಾಲ್ಕು ಮನೆ, ಒಂದು ಅರಳಿಮರ, ಒಂದು ಬಾವಿ ಬರೆದು, ಪಕ್ಕದಲ್ಲಿ ಒಂದು ಊರಿನ ಹೆಸರನ್ನೂ ಬರೆದಿದ್ದಳು. ಮೇಷ್ಟರು ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು.

"ನೀರಿನ ಮೇಲೆ ಊರು ಇರುತ್ತದೆಯೇ, ಮಗು?"

"ಮೇಲಲ್ಲ ಸಾರ್, ಕೆಳಗೆ. ನಮ್ಮ ತಾತನ ಊರು."

ತರಗತಿ ನಕ್ಕಿತು. ಮೇಷ್ಟರೂ ನಕ್ಕರು. "ಈಗ ಇಲ್ಲದ ಊರನ್ನು ನಕ್ಷೆಯಲ್ಲಿ ತೋರಿಸುವ ಹಾಗಿಲ್ಲಮ್ಮ" ಎಂದರು.

ಹಿಂದಿನ ವಾರವಷ್ಟೇ ಅವರು ಬೇಲೂರಿನ ಗುಡಿಯ ಕಥೆ ಹೇಳಿದ್ದರು. ಹುಡುಗಿ ಸ್ವಲ್ಪ ಯೋಚಿಸಿ, "ವಿಷ್ಣುವರ್ಧನನೂ ಈಗ ಇಲ್ಲವಲ್ಲ ಸಾರ್?" ಎಂದಳು.

ಈ ಪ್ರಶ್ನೆಯಲ್ಲಿ ತುಂಟತನವಿರಲಿಲ್ಲ. ಇದ್ದಿದ್ದರೆ ಮೇಷ್ಟರು ಗದರಿಸಿ ಪಾರಾಗಬಹುದಿತ್ತು. ಒಂಬೈನೂರು ವರ್ಷಗಳ ಹಿಂದಿನ ಅರಸನಿಗೆ ಪಾಠದಲ್ಲಿ ಜಾಗವಿದೆ. ಐವತ್ತು ವರ್ಷಗಳ ಹಿಂದೆ ಒಲೆ ಉರಿಯುತ್ತಿದ್ದ ಊರಿಗೆ ಏಕಿಲ್ಲ? ಆ ರಾತ್ರಿ ಅವರಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಾರನೆಯ ದಿನ ಹುಡುಗಿಯ ತಾತನಿಗೆ ಹೇಳಿ ಕಳುಹಿಸಿದರು.

ಮುದುಕ ಹೆದರಿಕೊಂಡೇ ಬಂದ. ಬಾಗಿಲ ಬಳಿಯೇ ನಿಂತು, "ಏನು ತಪ್ಪು ಮಾಡವ್ಳೆ ಮೇಷ್ಟ್ರೇ?" ಎಂದ.

"ತಪ್ಪು ಮಾಡಿದವನು ನಾನು, ಯಜಮಾನರೇ. ಒಳಗೆ ಬನ್ನಿ. ನಿಮ್ಮ ಊರು ಹೇಗಿತ್ತು ಅಂತ ಈ ಮಕ್ಕಳಿಗೆ ಒಂದಿಷ್ಟು ಹೇಳಿ."

ಮುದುಕ ಮೊದಲು ಸಂಕೋಚಪಟ್ಟ. ಆಮೇಲೆ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಳಿತ. ಇಲ್ಲಿ ಹೊಳೆ, ಇಲ್ಲಿ ಗದ್ದೆ, ಇದು ಮಾರಮ್ಮನ ಗುಡಿ, ಇದು ಕಣ. ಮಕ್ಕಳು ಸುತ್ತ ಮುತ್ತಿಕೊಂಡರು. ನಾಯಿಗಳೂ ಬಂದವೇ? ಶಾಲೆ ಇತ್ತೇ? ದೇವರನ್ನು ಏನು ಮಾಡಿದಿರಿ?

"ದೇವ್ರನ್ನ ಗಾಡೀಲಿ ತಂದ್ವಿ. ಬಾವೀನ ತರಕ್ಕಾಗ್ಲಿಲ್ಲ" ಎಂದ ಮುದುಕ.

ಹನ್ನೆರಡು ವರ್ಷಗಳಲ್ಲಿ ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ಮೇಷ್ಟರು ಕಂಡಿರಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು, "ಹಾಗಾದ್ರೆ ಕಟ್ಟೆ ಒಡೆದುಹಾಕ್ಬೇಕು" ಎಂದ. ಮೇಷ್ಟರ ಎದೆ ಧಸಕ್ಕೆಂದಿತು. ನಿಜ ಹೇಳಿಸಹೋಗಿ ಮಕ್ಕಳ ಮನಸ್ಸಿನಲ್ಲಿ ದ್ವೇಷ ಬಿತ್ತಿದೆನೇ ಎಂದುಕೊಂಡರು. ಉತ್ತರ ಕೊಟ್ಟವನು ಮುದುಕನೇ.

"ಒಡೀಬಾರ್ದು ಕಣಪ್ಪ. ಆ ನೀರು ಕುಡಿಯೋರು ಬೇಕಾದಷ್ಟು ಜನ ಅವ್ರೆ. ನಾವು ಕೊಟ್ಟಿದ್ದು ಗೊತ್ತಿರ್ಲಿ, ಅಷ್ಟೇ."

ಆ ದಿನದ ಪಾಠ ಅಲ್ಲಿಗೆ ನಿಲ್ಲಲಿಲ್ಲ. ನೆಲದ ಮೇಲಿನ ನಕ್ಷೆಯಿಂದಲೇ ಮೇಷ್ಟರು ಎಡದಂಡೆಯ ನಾಲೆಯನ್ನು ಎಳೆಯುತ್ತ ಹೋದರು. ನಾಲೆ ಚನ್ನರಾಯಪಟ್ಟಣದ ಸೀಮೆಗೆ ಹೋಯಿತು, ಬಾಗೂರು–ನವಿಲೆಯ ಸುರಂಗದಲ್ಲಿ ಗುಡ್ಡದ ಹೊಟ್ಟೆಯೊಳಗೆ ನುಸುಳಿತು, ತುಮಕೂರಿನ ಕಡೆ ಹೊರಬಿದ್ದಿತು. ಸೀಮೆಸುಣ್ಣದ ಗೆರೆ ಕೋಣೆಯನ್ನು ದಾಟಿ ಜಗಲಿಗೆ ಬಂದಿತು. ಜಿಲ್ಲೆ, ತಾಲ್ಲೂಕು, ದಿಕ್ಕು, ನೀರಾವರಿ, ಹಿಂದಿನದು, ಇಂದಿನದು ಎಂದು ಪುಸ್ತಕದಲ್ಲಿ ನಾಲ್ಕು ಪಾಠಗಳಾಗಿ ಹಂಚಿಹೋಗಿದ್ದುದು ಒಂದೇ ಗೆರೆಯಲ್ಲಿ ಕೂಡಿಕೊಂಡಿತು. ಗೆರೆಯ ತುದಿಯಲ್ಲಿ ನಿಂತು ಹುಡುಗಿ ಕೇಳಿದಳು: "ತುಮಕೂರಿನ ಮಕ್ಕಳಿಗೆ ನಮ್ಮ ತಾತನ ಊರು ಗೊತ್ತಾ ಸಾರ್?"

ಇದಕ್ಕೆ ಮೇಷ್ಟರಲ್ಲಿ ಉತ್ತರವಿರಲಿಲ್ಲ. ನಲ್ಲಿ ತಿರುಗಿಸುವ ನಗರದ ಮನೆಗಳಲ್ಲಿ ಇದಕ್ಕೆ ಉತ್ತರವುಂಟೇ? ಇದೇ ಜಲಾಶಯದ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಇದೆ. 1860ರ ಸುಮಾರಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುತ್ತದೆ. ರಜದ ದಿನ ನಗರದ ಸಂಸಾರಗಳು ಅಲ್ಲಿಗೆ ಹೋಗಿ, ಮುರಿದ ಗೋಡೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬರುತ್ತವೆ. ಇಷ್ಟು ದೊಡ್ಡ ಇಗರ್ಜಿಗೆ ಬರುತ್ತಿದ್ದ ಜನ ಎಲ್ಲಿಗೆ ಹೋದರೆಂದು ಜೊತೆಯಲ್ಲಿರುವ ಮಗು ಕೇಳಿದರೆ, ಅದೇ ಅದರ ಮೊದಲ ಚರಿತ್ರೆಯ ಪಾಠ. ಬೇಗ ಕಾರು ಹತ್ತು ಎಂದು ಅವಸರಪಡಿಸದಿದ್ದರೆ ಸಾಕು.

ವರ್ಷದ ಕೊನೆಗೆ ಪರೀಕ್ಷೆ ಬಂದಿತು. 'ಅಣೆಕಟ್ಟಿನ ಎರಡು ಉಪಯೋಗಗಳನ್ನು ಬರೆಯಿರಿ' ಎಂಬುದು ಒಂದು ಪ್ರಶ್ನೆ. ಹುಡುಗಿ ವ್ಯವಸಾಯಕ್ಕೆ ನೀರು, ಕುಡಿಯಲು ನೀರು ಎಂದು ಎರಡನ್ನೂ ಬರೆದಿದ್ದಳು. ಅದರ ಕೆಳಗೆ, ಯಾರೂ ಕೇಳದಿದ್ದರೂ, ಮೂರನೆಯ ಸಾಲು: 'ಅದರ ಕೆಳಗೆ ನಮ್ಮ ತಾತನ ಊರು ಇದೆ.'

ಮೇಷ್ಟರು ಮೊದಲ ಎರಡಕ್ಕೆ ಪೂರ್ತಿ ಅಂಕ ಕೊಟ್ಟರು. ಮೂರನೆಯದರ ಮುಂದೆ ಕೆಂಪು ಶಾಯಿಯ ಲೇಖನಿ ಬಹಳ ಹೊತ್ತು ನಿಂತಿತು. ಅದು ಉಪಯೋಗವಲ್ಲ, ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ. ಆದರೆ ಅಡ್ಡಗೆರೆ ಎಳೆಯಲು ಕೈ ಬರಲಿಲ್ಲ. ಕೊನೆಗೆ ಅವರು ಅದರ ಮುಂದೆ ಅಂಕವನ್ನು ಹಾಕದೆ, 'ಹೌದು' ಎಂದು ಬರೆದು ಹಾಳೆ ಮಗುಚಿದರು.