ಸಾದಾ ಹಾಕಲಾ, ಪವರ್ ಹಾಕಲಾ?

ಪೆಟ್ರೋಲ್ ಬಂಕಿನ ಹುಡುಗರು ಈಗ ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟಕ್ಕೆ ಎಂಬುದು ಹಳೆಯದು. "ಸಾದಾ ಹಾಕಲಾ ಸಾರ್, ಪವರ್ ಹಾಕಲಾ?" ಎಂಬುದು ಆಮೇಲೆ ಬಂದದ್ದು. ಎಚ್‌ಪಿಯ ಪವರ್, ಭಾರತ್ ಪೆಟ್ರೋಲಿಯಂನ ಸ್ಪೀಡ್, ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95 ಎಂದು ಹೆಸರು ಬೇರೆಬೇರೆ ಇದ್ದರೂ ಬಾಯಿಮಾತಿನಲ್ಲಿ ದುಬಾರಿ ಪೆಟ್ರೋಲೆಲ್ಲ ಪವರ್ರೇ. ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮನೆ ಮಾಡಿಕೊಂಡಿರುವ ಪ್ರಬಂಧಕಾರ ತನ್ನ ಪುಟ್ಟ ಹಳೆ ಕಾರಿನ 35 ಲೀಟರ್ ಟ್ಯಾಂಕು ತುಂಬಿಸುವಾಗ 'ಪವರ್' ಎಂದು ಬಾಯಿಬಿಟ್ಟರೆ ಆ ಮೂರಕ್ಷರಕ್ಕೆ ಇನ್ನೂರೈವತ್ತು ರೂಪಾಯಿ. "ರೀ, ಅದು ಒಂದು ವಾರದ ತರಕಾರಿ" ಎನ್ನುತ್ತಾರೆ ಪಕ್ಕದ ಸೀಟಿನಲ್ಲಿ ಕೂತ ಮನೆಯವರು.

ತರಕಾರಿಗೂ ಪೆಟ್ರೋಲಿಗೂ ಇರುವ ನಂಟು ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನಿಗೆ ಚೆನ್ನಾಗಿ ಗೊತ್ತು. "ಮಾವ, ನಾವಿಲ್ಲಿ ಸೊಪ್ಪು ತಗೊಂಡು ಹೊರಗೆ ಬಂದು ಅದೇ ಅಂಗಡೀಲಿ ಪೆಟ್ರೋಲ್ ಹಾಕಿಸ್ತೀವಿ" ಎಂದು ಫೋನಿನಲ್ಲಿ ನಗುತ್ತಾನೆ. ಟೆಸ್ಕೊ, ಸೇನ್ಸ್‌ಬರಿ, ಆಸ್ಡಾದಂಥ ಸೂಪರ್ ಮಾರ್ಕೆಟ್‌ಗಳಿಗೆ ಅಲ್ಲಿ ತಮ್ಮದೇ ಬಂಕುಗಳಿವೆ. ಷೆಲ್, ಬಿಪಿಗಳಿಗಿಂತ ಅಲ್ಲಿ ಸಾಮಾನ್ಯವಾಗಿ ಅಗ್ಗ. ಅಗ್ಗದ್ದು ಎಂಜಿನ್ನಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಅಲ್ಲಿ ಮುಗಿದೇ ಇಲ್ಲ, ಮಾರುವುದೆಲ್ಲ ಇಎನ್ 228 ಎಂಬ ಒಂದೇ ಮಾನದಂಡಕ್ಕೆ ಒಳಪಟ್ಟಿದ್ದರೂ. ನಮ್ಮಲ್ಲಿ ದಿನಸಿ ಅಂಗಡಿಯ ಅಂಗಳದಲ್ಲಿ ಬಂಕು ಕಾಣುವುದು ವಾಡಿಕೆಯಲ್ಲ. ಅದಕ್ಕೇ ಜಗಳ ಒಂದೇ ಬಂಕಿನ ಎರಡು ಪೈಪುಗಳ ನಡುವೆ.

ವಾಹನಕ್ಕೆ ಏನು ಕುಡಿಸಬೇಕೆಂಬ ಚರ್ಚೆ ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಇಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಬರುವ ಆವಿಯನ್ನೂ ಅಲ್ಲಿ ಬಿಡುತ್ತಿರಲಿಲ್ಲ. ಅದನ್ನು ತಣಿಸಿ ಟಾರು, ಮೀಥೈಲ್ ಆಲ್ಕೊಹಾಲ್ ತೆಗೆಯುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಿದ್ದಾಗ ನಾಡಿನ ಬಸ್ಸುಗಳೂ ಇದ್ದಿಲಿಗೆ ತಿರುಗಿದವು. ಬಸ್ಸಿಗೆ ಕಟ್ಟಿದ ಉದ್ದನೆಯ ಡ್ರಮ್ಮಿಗೆ ಇದ್ದಿಲು ಸುರಿದು, ಬೆಂಕಿ ಹೊತ್ತಿಸಿ, ಕ್ಲೀನರ್ ಹಿಡಿ ತಿರುಗಿಸಿ ಗಾಳಿ ಊದಿ, ಹುಟ್ಟಿದ ಅನಿಲದಿಂದ ಎಂಜಿನ್ ಓಡಿಸುವ ಏರ್ಪಾಡು. ಏರಿನಲ್ಲಿ ಬಸ್ಸು ನಿಂತರೆ ಜನ ಇಳಿದು ತಳ್ಳುತ್ತಿದ್ದರಂತೆ. ಪ್ರಬಂಧಕಾರನ ತಾತನಿಗೆ ಈ ಕಥೆ ಹೇಳುವಾಗ ಪಿಕಪ್, ಮೈಲೇಜುಗಳ ಚಿಂತೆಯಿರಲಿಲ್ಲ. ಊರು ಮುಟ್ಟಿದ್ದೇ ದೊಡ್ಡದು.

ತಂದೆಯ ಕಾಲಕ್ಕೆ ಪ್ರೀಮಿಯರ್ ಪದ್ಮಿನಿ ಕಾರು ಬಂತು, ಜೊತೆಗೆ ಆಗುಂಬೆ ಘಾಟಿಯ ಏರಿನಲ್ಲಿ ಎಂಜಿನ್ನಿನೊಳಗಿಂದ ಟಕಟಕ ಸದ್ದೂ. ಮೆಕ್ಯಾನಿಕ್ ಅದನ್ನು 'ನಾಕ್ ಹೊಡೀತಿದೆ' ಎಂದು ಹೇಳಿ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಟೈಮಿಂಗ್ ಸರಿಮಾಡುತ್ತಿದ್ದ. ಸ್ಪಾರ್ಕ್ ಪ್ಲಗ್ಗು ಕಿಡಿ ಹಚ್ಚಿದ ಮೇಲೆ ಪೆಟ್ರೋಲು ಒಂದು ಕಡೆಯಿಂದ ನೇರ್ಪಾಗಿ ಉರಿದುಕೊಂಡು ಬರಬೇಕು. ಒತ್ತಡ ತಾಳಲಾರದೆ ಉಳಿದ ಭಾಗ ತಾನೇ ಸಿಡಿದರೆ ಈ ಸದ್ದು. ಅಂಥ ಒತ್ತಡವನ್ನು ಪೆಟ್ರೋಲು ಎಷ್ಟು ತಾಳುತ್ತದೆ ಎಂಬುದರ ಅಳತೆಯೇ ಆಕ್ಟೇನ್. ಅದು ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಆಗಲೂ 87, 93 ಎಂದು ಎರಡು ಬಗೆಯ ಪೆಟ್ರೋಲಿತ್ತು.

ತಾಳ್ಮೆ ಹೆಚ್ಚಿಸಲು ಆ ದಿನಗಳಲ್ಲಿ ಬೆರೆಸುತ್ತಿದ್ದುದು ಸೀಸ. ಅದರ ಗುಣವನ್ನು 1921ರಲ್ಲಿ ಕಂಡುಕೊಂಡವನು ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿ. ಮಕ್ಕಳ ಮಿದುಳಿಗೆ ವಿಷವಾದ ಆ ಲೋಹ ಭಾರತದ ಪೆಟ್ರೋಲಿನಿಂದ ಪೂರ್ತಿ ಹೊರಬೀಳಲು 2000ನೇ ಇಸವಿಯ ಫೆಬ್ರವರಿ ಬರಬೇಕಾಯಿತು.

ಸೀಸದ ಜಾಗದಲ್ಲಿ ಈಗ ಎಥನಾಲ್ ಇದೆ. 2023ರ ಫೆಬ್ರವರಿ 6ರಂದು ಪ್ರಧಾನಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ. ಎಥನಾಲಿನ ಆಕ್ಟೇನ್ ನೂರಕ್ಕೂ ಮಿಗಿಲು. ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದ ಪ್ರಕಾರ ಹೊಗೆ ಮಾಲಿನ್ಯದ ಮಾನದಂಡವಾದ ಬಿಎಸ್-2ರ ಕಾಲದಲ್ಲಿ 88 ಇದ್ದ ಆಕ್ಟೇನ್, ಬಿಎಸ್-6ರ ಹೊತ್ತಿಗೆ 91 ಆಗಿ, ಇ20ಯಿಂದ 95ಕ್ಕೆ ಏರಿದೆ. ಅಂದರೆ ಏಳೆಂಟು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುತ್ತಿದ್ದ 95 ಈಗ ಸಾದಾ ಪೈಪಿನಲ್ಲೇ ಬರುತ್ತಿದೆ. ಎಥನಾಲಿಗೆ ತಾಳ್ಮೆ ಹೆಚ್ಚಾದರೂ ಕಸುವು ಕಡಿಮೆ. ಲೀಟರಿಗೆ ಲೀಟರ್ ಹೋಲಿಸಿದರೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ, ಶೇ 10 ಎಥನಾಲಿಗೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇ 6–7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಇದರಿಂದ ತಪ್ಪಿಸಿಕೊಳ್ಳಲು ಪವರ್ ಹಾಕಿಸುವವರಿದ್ದಾರೆ. ಆದರೆ ಹೆಸರಿನ ಮುಂದೆ 95 ಇದ್ದ ಮಾತ್ರಕ್ಕೆ ಎಥನಾಲ್ ಇಲ್ಲವೆಂದಲ್ಲ.

ಕಂಪನಿಯ ಅಭಿಮಾನವೂ ಸಾದಾ ಪೆಟ್ರೋಲಿನ ಮಟ್ಟಿಗೆ ವ್ಯರ್ಥ. ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರದ ಪೆಟ್ರೋಲು 2003ರಿಂದ ಕೊಳವೆಯಲ್ಲೇ ಘಟ್ಟ ಹತ್ತಿ ಹಾಸನದ ಮೂಲಕ ಬೆಂಗಳೂರಿಗೆ ಹರಿಯುತ್ತಿದೆ. ಕಂಪನಿಗಳು ಒಬ್ಬರಿಂದೊಬ್ಬರು ಪೆಟ್ರೋಲು ಪಡೆದು ಮಾರುವುದು ವಾಡಿಕೆ. ದುಬಾರಿ ಪೆಟ್ರೋಲಿಗೆ ಹೆಚ್ಚಿನ ಬೆಲೆ ಬರುವುದು ಆಕ್ಟೇನ್ 95ನ್ನು ಮೀರಿದ್ದರೆ ಅದರಿಂದ, ಎಂಜಿನ್ ಒಳಗಿನ ಮಸಿ ತೊಳೆಯುವ ರಾಸಾಯನಿಕಗಳಿಂದ, ಜೊತೆಗೆ ಬ್ರ್ಯಾಂಡ್ ಪೆಟ್ರೋಲಿನ ಮೇಲಿರುವ ಹೆಚ್ಚಿನ ಅಬಕಾರಿ ಸುಂಕದಿಂದ.

ಆ ತೊಳೆಯುವ ಗುಣ ಸುಳ್ಳಲ್ಲ. ಅಮೆರಿಕದ ವಾಹನ ಮಾಲೀಕರ ಸಂಸ್ಥೆ ಎಎಎ 2016ರಲ್ಲಿ ಎರಡು ಪರೀಕ್ಷೆ ನಡೆಸಿತು. ಒಳ್ಳೆಯ ಶುಚಿಕಾರಕ ಬೆರೆತ ಪೆಟ್ರೋಲಿನಿಂದ ಎಂಜಿನ್ನಿನಲ್ಲಿ ಮಸಿ ಕಟ್ಟುವುದು ಬಹಳ ಕಡಿಮೆಯಾಯಿತು. ಆದರೆ ಸಾದಾ ಪೆಟ್ರೋಲಿಗೆಂದೇ ತಯಾರಾದ ಕಾರಿಗೆ ಹೆಚ್ಚು ಆಕ್ಟೇನಿನದು ಹಾಕಿದಾಗ ವೇಗದಲ್ಲೂ ಮೈಲೇಜಿನಲ್ಲೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಕಾರು ಕೆಡುವುದು ಬೇರೆ ಕಾರಣಕ್ಕೆ, ಕಲಬೆರಕೆಗೆ. ಕೆಜಿಎಫ್ ಮೂಲದ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್‌ನ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕಿನ ವಿರುದ್ಧ ನಿಂತರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ. ಪೆಟ್ರೋಲಿನಲ್ಲಿ ಏನಿದೆ ಎಂಬುದು ಒಬ್ಬ ಹುಡುಗನ ಪ್ರಾಣದಷ್ಟು ತೂಕದ ಪ್ರಶ್ನೆಯೆಂದು ಪ್ರಬಂಧಕಾರನಿಗೆ ಅನಿಸಿದ್ದು ಆ ಸುದ್ದಿ ಓದಿದಾಗ.

ಅಂದಿನಿಂದ ಅವನು ಬ್ರ್ಯಾಂಡಿಗಿಂತ ಬಂಕನ್ನು ಆರಿಸುತ್ತಾನೆ. ಬಿ.ಎಚ್. ರಸ್ತೆಯಲ್ಲಿ ಶಿವಮೊಗ್ಗಕ್ಕೆ ಹೋಗುವಾಗ ಮೀಟರಿನಲ್ಲಿ ಸೊನ್ನೆ ನೋಡಿಕೊಂಡು, ಬಂಕಿನವರು ಬರೆದಿಟ್ಟ ಪೆಟ್ರೋಲಿನ ಸಾಂದ್ರತೆಯ ಮೇಲೆ ಕಣ್ಣಾಡಿಸಿ, ಸಾದಾ ಹಾಕಿಸಿ ಮುಂದೆ ಹೋಗುತ್ತಾನೆ. ನಿಮ್ಮ ಕಾರಿನ ಇಂಧನ ಮುಚ್ಚಳದ ಒಳಗೋ ಕೈಪಿಡಿಯಲ್ಲೋ ಹೆಚ್ಚಿನ ಆಕ್ಟೇನ್ ಬೇಕೆಂದು ಬರೆದಿದ್ದರೆ ಅದನ್ನೇ ಹಾಕಿಸಿ. ಇಲ್ಲದಿದ್ದರೆ ಸಾದಾ ಸಾಕು. ಹಳೆಯ ಕಾರಾದರೆ ಎಥನಾಲಿಗೆ ಕೆಡಬಹುದಾದ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ. ಕಲಬೆರಕೆಯ ಅನುಮಾನ ಬಂದರೆ ಹನಿ ಹಾಕಿ ನೋಡಲು ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ, ಅಳತೆ ಕಡಿಮೆಯೆನಿಸಿದರೆ ಮುದ್ರೆ ಒತ್ತಿದ ಐದು ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸಲು ಹೇಳಿ. ಈ ಎರಡನ್ನೂ ಕೇಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ, ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.