ಸುರಪುರದ ಊಟದ ಪಂಕ್ತಿಯಲ್ಲಿ

ಸುರಪುರದಲ್ಲಿ ಪುಸ್ತಕ ಪ್ರಶಸ್ತಿ ಸಮಾರಂಭ ಮುಗಿದು ಊಟಕ್ಕೆ ಕೂತಿದ್ದೆವು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. "ಏನ್ ಬರೀತೀರಿ?" ಅಂದರು ಪಕ್ಕದ ವಿಮರ್ಶಕರು. "ಪ್ರೇಮ ಕಾದಂಬರಿ" ಅಂದೆ. ಮಾತು ಅಲ್ಲಿಗೇ ನಿಂತಿತು. ಬಡಿಸುತ್ತಿದ್ದ ಹುಡುಗಿ ಮಾತ್ರ ರೊಟ್ಟಿ ಬುಟ್ಟಿ ಹಿಡಿದೇ ನಿಂತು, "ಅಕ್ಕಾರ, ನಮ್ಮವ್ವ ತ್ರಿವೇಣಿ, ಸಾಯಿಸುತೆ ಕಾದಂಬರಿ ಭಾಳ ಓದ್ಯಾಳ್ರಿ" ಅಂದಳು.

ಈ ಊರಿಗೆ ಪ್ರೇಮಕತೆ ಹೊಸದೇ? ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದು, ಟೇಲರ್ ಮಂಜಿಲ್ ಎಂಬ ಬಂಗಲೆ ಕಟ್ಟಿಸಿದ ಮೆಡೋಸ್ ಟೇಲರ್ 1872ರಲ್ಲಿ 'ಸೀತಾ' ಕಾದಂಬರಿ ಪ್ರಕಟಿಸಿದ. 1857ರ ದಂಗೆಯ ನಡುವೆ ಇಂಗ್ಲಿಷ್ ಅಧಿಕಾರಿ ಮತ್ತು ಹಿಂದೂ ವಿಧವೆಯ ಪ್ರೀತಿ, ಮದುವೆ! ಅದನ್ನು ಇತಿಹಾಸವೆಂದು ಗೌರವಿಸುವವರು ನಮ್ಮ ಹೆಣ್ಣುಮಕ್ಕಳ ಪ್ರೇಮವನ್ನೂ ಗಂಭೀರವಾಗಿ ಓದಬೇಕು. ಮುಂದಿನ ವರ್ಷ ಪ್ರೇಮ ಕಾದಂಬರಿಗಳನ್ನೂ ಪ್ರಶಸ್ತಿಗೆ ಆಹ್ವಾನಿಸಿ ಎಂದು ಸಂಘಟಕರಿಗೆ ಹೇಳಿಯೇ ಶಹಾಪುರದ ಬಸ್ಸು ಹತ್ತಿದೆ.