ಮಸಿಯ ಕಪ್ಪಿನಿಂದ ಬಿಸಿಲಿನ ನೀಲಿಯವರೆಗೆ

ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಿಗೆ ಪ್ರವಾಸ ಹೊರಟವರ ಪಟ್ಟಿ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಯ ದರ್ಶನ, ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟ, ಶಿರಾದಲ್ಲಿ ಮಲಿಕ್ ರಿಹಾನನ ಗೋರಿ, ಪಾವಗಡದಲ್ಲಿ ಶನಿಮಹಾತ್ಮನ ಗುಡಿ. ಎರಡು ದಿನ ಬಿಡುವಿದ್ದರೆ ಇಷ್ಟನ್ನೂ ಮುಗಿಸಿ ಮನೆ ಸೇರಬಹುದು. ಆದರೆ ಈ ಸೀಮೆಯ ಚರಿತ್ರೆಯನ್ನು ಹೇಳುವ ಇನ್ನೊಂದು ಜಾಗವಿದೆ. ಅದಕ್ಕೆ ಟಿಕೆಟ್ ಇಲ್ಲ, ಫಲಕವೂ ಇಲ್ಲ. ಅದು ಮನೆಮನೆಯ ಅಡುಗೆಮನೆ.

ಹಳೆಯ ಅಡುಗೆ ಸಾಮಾನುಗಳ ಬಣ್ಣ ಕಂಡರೆ ಹಳೆಯ ದಿನಗಳು ನೆನಪಾಗುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಅಮೆರಿಕದಲ್ಲಿ ೧೯೭೦ರ ದಶಕದ ಅಡುಗೆಮನೆಯೆಂದರೆ ಬೆಣ್ಣೆಹಣ್ಣಿನ ಹಸಿರು ಮತ್ತು ಮಾಗಿದ ಪೈರಿನ ಹೊಂಬಣ್ಣ. ಒಲೆ, ರೆಫ್ರಿಜರೇಟರ್ ಎಲ್ಲವೂ ಅದೇ ಬಣ್ಣದಲ್ಲಿ ಬರುತ್ತಿದ್ದವು. ಅಲ್ಲಿ ಬಣ್ಣವನ್ನು ಆರಿಸುತ್ತಿದ್ದುದು ಕಂಪನಿಗಳು. ನಮ್ಮ ಬಯಲುಸೀಮೆಯ ಅಡುಗೆಮನೆಗೆ ಬಣ್ಣ ಬಂದದ್ದು ಬೇರೆ ದಾರಿಯಿಂದ. ಸೌದೆ, ಕಲ್ಲು, ಸೀಮೆಎಣ್ಣೆ, ನೀರು, ಕರೆಂಟು ಇವುಗಳಲ್ಲಿ ಯಾವುದು ಯಾವಾಗ ಸಿಕ್ಕಿತೋ ಅದರ ಬಣ್ಣ ಅಡುಗೆಮನೆಗೆ ಹತ್ತಿತು. ಬನ್ನಿ, ಆ ಬಣ್ಣಗಳ ಜಾಡು ಹಿಡಿದು ನಾಲ್ಕೂ ಊರುಗಳನ್ನು ಸುತ್ತಿ ಬರೋಣ.

ಕೊರಟಗೆರೆ: ಕಪ್ಪು

ತುಮಕೂರಿನಿಂದ ಮಧುಗಿರಿಯ ಬಸ್ಸು ಹತ್ತಿದರೆ ಮೊದಲು ಸಿಗುವುದು ಕೊರಟಗೆರೆ. ಜಯಮಂಗಲಿ ನದಿಯ ಸೀಮೆ ಇದು. ಇಲ್ಲಿನ ಹಳೆಯ ಹೆಂಚಿನ ಮನೆಗಳಲ್ಲಿ ಒಳಕೋಣೆಗೆ ಹೋಗಿ ತಲೆ ಎತ್ತಿ ನೋಡಿ. ತೊಲೆಗಳು, ಅಟ್ಟದ ಹಲಗೆಗಳು ಎಣ್ಣೆ ಬಳಿದಂತೆ ಕರ್ರಗೆ ಮಿರುಗುತ್ತವೆ. ಯಾರೂ ಬಳಿದ ಬಣ್ಣವಲ್ಲ ಅದು. ಎರಡು ಮೂರು ತಲೆಮಾರಿನ ಒಲೆಯ ಹೊಗೆ ಕುಳಿತ ಗುರುತು.

ಕರಟ, ತೆಂಗಿನ ಮಟ್ಟೆ, ಜಾಲಿಯ ಸೌದೆ, ತೊಗರಿ ಕಡ್ಡಿ, ಬೆರಣಿ ಇವೇ ಉರುವಲು. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತದೆ ಊದುಗೊಳವೆ ಊದಿ ಊದಿ ಕಣ್ಣು ಕೆಂಪಾಗುತ್ತಿತ್ತು. ಪಾತ್ರೆಯ ಮಸಿ ಬೇಗ ಹೋಗಲೆಂದು ಒಲೆಗೆ ಇಡುವ ಮೊದಲೇ ತಳಕ್ಕೆ ಬೂದಿ ಕಲಸಿ ಬಳಿಯುವ ಜಾಣ್ಮೆ ಹೆಂಗಸರಿಗಿತ್ತು. ಪಾತ್ರೆಗೆ ಹೀಗೆ ರಕ್ಷಣೆ ದೊರೆಯಿತು, ಆದರೆ ಶ್ವಾಸಕೋಶಕ್ಕೆ ಬೂದಿ ಬಳಿಯುವ ಉಪಾಯ ಇರಲಿಲ್ಲ! ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಾದ್ಯಂತ ಸುಮಾರು ೩೨ ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಹೊಗೆಯ ನಡುವೆ ಹೆಚ್ಚು ಹೊತ್ತು ಕುಳಿತವರು ಹೆಂಗಸರು ಮತ್ತು ಮಡಿಲಲ್ಲಿದ್ದ ಮಕ್ಕಳು.

ಈ ಕಪ್ಪನ್ನು ಕಡಿಮೆ ಮಾಡುವ ಪ್ರಯತ್ನವೊಂದು ಇದೇ ಜಿಲ್ಲೆಯಲ್ಲಿ ನಡೆದದ್ದು ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯಲು ೧೯೭೪ರಲ್ಲಿ 'ಅಸ್ತ್ರ' ಎಂಬ ಘಟಕವನ್ನು ಆರಂಭಿಸಿತು. ಅದರ ಹಳ್ಳಿಯ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿತ್ತು. ಅಲ್ಲಿನ ಅನುಭವದಿಂದ ರೂಪುಗೊಂಡ 'ಅಸ್ತ್ರ ಒಲೆ'ಯಲ್ಲಿ ಒಂದೇ ಬೆಂಕಿಗೆ ಮೂರು ಪಾತ್ರೆ ಇಡಬಹುದಿತ್ತು. ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತಿತ್ತು, ಸೌದೆಯೂ ಉಳಿಯುತ್ತಿತ್ತು. ರಾಕೆಟ್ಟಿನ ಬಗ್ಗೆ ಯೋಚಿಸುವ ತಲೆಗಳು ಒಲೆಯ ಬಗ್ಗೆಯೂ ಯೋಚಿಸಿದ್ದು ಸಣ್ಣ ಮಾತಲ್ಲ.

ಮಧುಗಿರಿ: ಬೂದು ಮತ್ತು ಕೆಂಪು

ಕೊರಟಗೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಧುಗಿರಿಯ ಬೆಟ್ಟ ಎದುರಾಗುತ್ತದೆ. ಸಮುದ್ರಮಟ್ಟದಿಂದ ೩,೯೩೦ ಅಡಿ ಎತ್ತರದ ಈ ಬೋಳು ಬಂಡೆಯನ್ನು ನೋಡುತ್ತಿದ್ದರೆ ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲೆಯ ಪಟ್ಟಿ ರಾಮನಗರದ ಕಡೆಯಿಂದ ಉತ್ತರಕ್ಕೆ ಹಾದು ಈ ಸೀಮೆಯ ಮೂಲಕವೇ ಸಾಗುತ್ತದೆ. ಬೂದು ಮತ್ತು ತಿಳಿಗೆಂಪು ಅದರ ಬಣ್ಣ.

ಒರಳುಕಲ್ಲು, ರಾಗಿ ಬೀಸುವ ಕಲ್ಲು, ಮಸಾಲೆ ಅರೆಯುವ ಕಲ್ಲು ಹುಟ್ಟುತ್ತಿದ್ದುದು ಇಂಥ ಬಂಡೆಗಳಿಂದಲೇ. ಅವು ಅಂದಿನ ಅಡುಗೆಮನೆಯ ಯಂತ್ರಗಳು. ಮೋಟಾರು ಮನೆಯ ಹೆಂಗಸರ ತೋಳಿನಲ್ಲಿತ್ತು, ಅಷ್ಟೆ. ಬಳಸಿ ಬಳಸಿ ಕಲ್ಲು ನುಣುಪಾದರೆ ಹಿಟ್ಟು ನುಣ್ಣಗಾಗುತ್ತಿರಲಿಲ್ಲ. ಆಗ ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತ ಬರುವವರನ್ನು ಕರೆದು ಕಲ್ಲಿಗೆ ಮತ್ತೆ ಒರಟು ಕೊಡಿಸಬೇಕಿತ್ತು. ಯಂತ್ರದ ರಿಪೇರಿ ಎಂದರೆ ಅದು.

ಇಲ್ಲಿ ಮುದ್ದೆಯನ್ನು 'ಹಿಟ್ಟು' ಎಂದೇ ಕರೆಯುವುದು ವಾಡಿಕೆ. ಹಿಟ್ಟು ಉಂಡು ಎದ್ದಿರಾ ಎಂದರೆ ಊಟವಾಯಿತೇ ಎಂದರ್ಥ. ಆ ಹಿಟ್ಟಿಗಾಗಿ ಬೆಳಗಿನ ಜಾವ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸಬೇಕಿತ್ತು. ರಾಗಿ ಬೀಸುವ ಪದಗಳು ನಮ್ಮ ಜನಪದ ಸಾಹಿತ್ಯದ ಹೆಮ್ಮೆ ಎಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಆ ಹಾಡು ಹುಟ್ಟಿದ್ದು ನಿದ್ದೆ ಬಿಟ್ಟ ಕಣ್ಣಿನಲ್ಲಿ, ನೋಯುವ ರಟ್ಟೆಯಲ್ಲಿ ಎಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಹಾಡು ನಿಂತಿತು ಎಂದು ನಾವು ಕೊರಗಬಹುದು, ಆದರೆ ಕಲ್ಲಿನ ಗೂಟ ಹಿಡಿದಿದ್ದವರು ಅಂದು ಹೆಚ್ಚು ಹೊತ್ತು ಮಲಗಿದರು!

ಮುಂದೆ ಕೊಯಮತ್ತೂರಿನ ಗ್ರೈಂಡರುಗಳು ಬಂದಾಗ ಕಲ್ಲು ಅಡುಗೆಮನೆ ಬಿಟ್ಟು ಹೋಗಲಿಲ್ಲ, ಸ್ಟೀಲಿನ ಪಾತ್ರೆಯೊಳಗೆ ಸೇರಿಕೊಂಡಿತು. ಒರಳಿನಲ್ಲಿ ಕುಳಿ ಸ್ಥಿರ, ಗುಂಡು ತಿರುಗುತ್ತದೆ. ಗ್ರೈಂಡರಿನಲ್ಲಿ ಗುಂಡು ನಿಲ್ಲುತ್ತದೆ, ಪಾತ್ರೆ ತಿರುಗುತ್ತದೆ. ಇಷ್ಟೇ ವ್ಯತ್ಯಾಸ. ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡು ಕುಳಿತಿರುವ ಹಳೆಯ ಒರಳನ್ನು ಮಕ್ಕಳಿಗೆ ತೋರಿಸಿ ಇದನ್ನು ವಿವರಿಸಿದರೆ ಅದೇ ಒಂದು ವಿಜ್ಞಾನದ ಪಾಠ.

ಶಿರಾ: ಹಳದಿ, ಬೆಳ್ಳಿ ಮತ್ತು ನೀಲಿ

ಮಧುಗಿರಿಯಿಂದ ಪಶ್ಚಿಮಕ್ಕೆ ಹೋದರೆ ಶಿರಾ. ೧೬೮೭ರಿಂದ ೧೭೫೭ರವರೆಗೆ ಮೊಗಲರ ಸುಬಾ ಆಗಿದ್ದ ಪಟ್ಟಣ. ಮಲಿಕ್ ರಿಹಾನನ ಗೋರಿ ೧೬೫೧ರದು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿರುವ ಈ ಊರಿಗೆ ಹೊಸ ಸಾಮಾನು ಬರುವುದು ಸುಲಭ. ಆದರೆ ಹೊಸದು ಬರುವ ಮೊದಲು ಇಲ್ಲಿನ ಅಡುಗೆಮನೆಗಳಲ್ಲಿ ಹೊಳೆಯುತ್ತಿದ್ದುದು ಹಿತ್ತಾಳೆಯ ಹಳದಿ.

ಹಿತ್ತಾಳೆಯ ಒಳಮೈ ಮಾತ್ರ ಬೆಳ್ಳಿಯಂತೆ ಬಿಳುಪಾಗಿರಬೇಕು. ಹುಣಿಸೆಹುಳಿ ಇಲ್ಲದ ಸಾರು ನಮ್ಮಲ್ಲಿಲ್ಲ, ಹುಳಿ ತಾಗಿದರೆ ಹಿತ್ತಾಳೆ ಕಿಲುಬು ಬಿಡುತ್ತದೆ. ಅದಕ್ಕೇ ಕಲಾಯಿ. ಕಲಾಯಿಯವರು ಬೀದಿಯ ಮೂಲೆಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ ಇದ್ದಿಲು ಉರಿಸಿ, ಕಾದ ಪಾತ್ರೆಗೆ ನವಸಾಗರ ಉದುರಿಸಿದರೆ ಭುಸ್ಸೆಂದು ಬಿಳಿ ಹೊಗೆ. ನವಸಾಗರ ಲೋಹದ ಮೇಲಿನ ಕೊಳೆಯನ್ನು ತೆಗೆಯುತ್ತದೆ. ತವರ ೨೩೨ ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಬಟ್ಟೆಯಿಂದ ಒರೆಸಿದರೆ ಸಾಕು, ಪಾತ್ರೆಯ ಒಳಗೆಲ್ಲ ಹರಡಿಕೊಳ್ಳುತ್ತದೆ. ಶಾಲೆ ಬಿಟ್ಟ ಮಕ್ಕಳು ಸುತ್ತ ನಿಂತು ನೋಡುತ್ತಿದ್ದುದು ಪುಕ್ಕಟೆ ರಸಾಯನಶಾಸ್ತ್ರ! ಸ್ಟೇನ್‌ಲೆಸ್ ಸ್ಟೀಲ್ ಬಂದ ಮೇಲೆ ಆ ಕಸುಬು ಸೊರಗಿತು.

ಆಮೇಲೆ ಬಂದದ್ದು ಸ್ಟೌ. ಹಿತ್ತಾಳೆ ಹೊಟ್ಟೆಯ ಪಂಪ್ ಸ್ಟೌ ಹುಟ್ಟಿದ್ದು ೧೮೯೨ರಲ್ಲಿ, ದೂರದ ಸ್ವೀಡನ್ನಿನಲ್ಲಿ, ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತನ ಕೈಯಲ್ಲಿ. ಗಾಳಿಯ ಒತ್ತಡಕ್ಕೆ ಮೇಲೇರಿದ ಸೀಮೆಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ ನೀಲಿ ಜ್ವಾಲೆಯಾಗುತ್ತದೆ. ಅದರ ಭರ್ರೆನ್ನುವ ಸದ್ದು ಪಕ್ಕದ ಮನೆಗೂ ಕೇಳಿಸುತ್ತಿತ್ತು. ಅದಕ್ಕೆ ಪಿನ್ನು ಹಾಕುವ ಕಲೆ ಎಲ್ಲರಿಗೂ ಒಲಿಯುತ್ತಿರಲಿಲ್ಲ. ಸದ್ದಿಲ್ಲದ ಬತ್ತಿ ಸ್ಟೌ, ಇಂಡಿಯನ್ ಆಯಿಲ್ ರೂಪಿಸಿದ 'ನೂತನ್' ಮಾದರಿಯಂಥದು, ಬಾಡಿಗೆ ಕೋಣೆ ಹಿಡಿದು ಓದುವ ಹುಡುಗರ ಸಂಗಾತಿಯಾಯಿತು.

ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆಯೂ ನೀಲಿಯೇ. ಕಾಳಸಂತೆಗೆ ಹೋದರೆ ಗುರುತು ಸಿಗಲೆಂದು ಸರ್ಕಾರವೇ ಬೆರೆಸುತ್ತಿದ್ದ ಬಣ್ಣವದು. ಆ ನೀಲಿಗಾಗಿ ಡಬ್ಬ ಹಿಡಿದು ಕ್ಯೂ ನಿಲ್ಲುವ ಕೆಲಸ ಬಹಳ ಮನೆಗಳಲ್ಲಿ ಮಕ್ಕಳದು. ಈಗ ಐವತ್ತು ದಾಟಿದ ಎಷ್ಟೋ ತಂದೆತಾಯಂದಿರ ಭಾನುವಾರಗಳು ಆ ಸಾಲಿನಲ್ಲೇ ಕಳೆದಿವೆ. ಮುಂದೆ ಕೆಂಪು ಸಿಲಿಂಡರ್ ಬಂದಿತು. ದೇಶದಲ್ಲಿ ಇಂಡೇನ್ ಅನಿಲ ಕೊಲ್ಕತ್ತಾದಲ್ಲಿ ಶುರುವಾದದ್ದು ೧೯೬೫ರಲ್ಲಿ. ಬಡವರ ಮನೆಗಾಗಿ ಉಜ್ವಲ ಯೋಜನೆ ಬರಲು ೨೦೧೬ ಆಗಬೇಕಾಯಿತು. ಎರಡರ ನಡುವೆ ಅರ್ಧ ಶತಮಾನ!

ಪಾವಗಡ: ಎಲ್ಲ ಬಣ್ಣಗಳೂ

ಇನ್ನು ಉಳಿದದ್ದು ಪಾವಗಡ. ಮೂರು ಕಡೆ ಆಂಧ್ರಪ್ರದೇಶದ ಗಡಿ. ಇಲ್ಲಿ ಬೀಸುವ ಕಲ್ಲು 'ತಿರಗಲಿ'ಯಾಗುತ್ತದೆ, ಒರಳು 'ರೋಲು' ಆಗುತ್ತದೆ, ಮುದ್ದೆ 'ಸಂಗಟಿ'ಯಾಗುತ್ತದೆ. ಹೆಸರು ಬೇರೆಯಾದರೂ ಹೆಂಗಸರ ದುಡಿತ ಒಂದೇ.

ಪಾವಗಡದ ಬಣ್ಣ ನೋಡಬೇಕಾದರೆ ನಲ್ಲಿಯ ಬಳಿ ಹೋಗಬೇಕು. ಕಿತ್ತಳೆ, ಹಸಿರು, ನೀಲಿ, ಹಳದಿ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು. ಚಂದಕ್ಕಾಗಿ ಮಾತ್ರ ಆರಿಸಿದ ಬಣ್ಣಗಳಲ್ಲ ಇವು, ನೂರು ಬಿಂದಿಗೆಗಳ ನಡುವೆ ತನ್ನದು ಯಾವುದೆಂದು ತಿಳಿಯಲೂ ಬೇಕಾದವು. ಬೆಳಿಗ್ಗೆಯಿಂದ ಸಾಲಿನಲ್ಲಿ ಕಾದವಳಿಗೆ ಬಣ್ಣವೇ ಹಕ್ಕುಪತ್ರ. ಮೇಲಾಗಿ ಇಲ್ಲಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆಯೂ ಬಾಗುತ್ತದೆ. ಹಲ್ಲಿನ ಕಂದು ಈ ಸೀಮೆಗೆ ಯಾರೂ ಬಯಸದೆ ಬಂದ ಬಣ್ಣ.

ಗಡಸು ನೀರಿನಲ್ಲಿ ಬೇಳೆ ಬೇಯುವುದೂ ನಿಧಾನ. ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಹೀಗಾಗಿ ಪ್ರೆಷರ್ ಕುಕ್ಕರ್ ಇಂಥ ಕಡೆ ಬರೀ ಶೋಕಿಯ ವಸ್ತುವಾಗಿರಲಿಲ್ಲ. ಅದರೊಳಗೆ ನೀರು ಸುಮಾರು ೧೨೦ ಡಿಗ್ರಿಯವರೆಗೆ ಕಾಯುವುದರಿಂದ ತೊಗರಿಬೇಳೆ ಕೆಲವು ಕೂಗಿಗೆ ಬೆಂದು ಸೌದೆ, ಸೀಮೆಎಣ್ಣೆ ಎರಡೂ ಉಳಿಯುತ್ತಿದ್ದವು.

ಮಿಕ್ಸಿಯ ಕಥೆಯಲ್ಲೂ ಒಂದು ಸ್ವಾರಸ್ಯವಿದೆ. ವಿದೇಶಿ ಮಿಕ್ಸರ್ ನಮ್ಮ ಮಸಾಲೆ ಅರೆಯಲಾರದೆ ಕೆಟ್ಟು ಕುಳಿತಾಗ, ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರಿಗೆ ಪತ್ನಿ ಮಾಧುರಿ, ನೀವೇ ಒಂದು ಮಾಡಿಕೊಡಿ ಎಂದು ಸವಾಲು ಹಾಕಿದರಂತೆ. ೧೯೬೩ರಲ್ಲಿ ಆರಂಭವಾದ ಅವರ ಕಂಪನಿಯಿಂದ ಬಂದದ್ದೇ 'ಸುಮೀತ್'. ಆದರೆ ಮಿಕ್ಸಿ ತಿರುಗಲು ಕರೆಂಟು ಬೇಕಲ್ಲ! ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬಡವರ ಗುಡಿಸಲಿಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಶುರುವಾದದ್ದು ೧೯೭೯–೮೦ರಲ್ಲಿ. ಒಂದು ದೀಪದ ಬೆಳಕಿನಲ್ಲಿ ಒಲೆಯ ಮಸಿ ಇನ್ನಷ್ಟು ಚೆನ್ನಾಗಿ ಕಂಡಿತು ಅಷ್ಟೆ.

ಇಂದು ಅದೇ ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಹೋದರೆ ನೆಲವೇ ಕಡುನೀಲಿ. ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆಯಲ್ಲಿ ಹರಡಿರುವ ಸೌರ ಪಾರ್ಕ್ ೨೦೧೮ರಲ್ಲಿ ಚಾಲನೆಗೊಂಡು, ೨೦೧೯ರ ಕೊನೆಗೆ ೨,೦೫೦ ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ಭೂಮಿ ಗುತ್ತಿಗೆಗೆ ಕೊಟ್ಟ ರೈತರಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ ಆ ಗುತ್ತಿಗೆಯ ಹಣವಿಲ್ಲ. ಒಂದು ಕಾಲಕ್ಕೆ ಕರೆಂಟಿಗಾಗಿ ಕಾದ ಊರು ಈಗ ನಾಡಿಗೆ ಕರೆಂಟು ಕೊಡುತ್ತಿದೆ. ಅದರಿಂದ ಯಾರ ಕೈಗೆಷ್ಟು ಬಿಡುವು ಸಿಕ್ಕಿತು ಎಂದು ನೋಡುವುದು ಮುಂದಿನವರ ಕೆಲಸ.

ಗುಜರಿಗೆ ಹಾಕುವ ಮುನ್ನ

ಹಳೆಯ ಸಾಮಾನನ್ನು ಕಾಪಾಡಿದವರೂ ಇದ್ದಾರೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿಯ ಅಡುಗೆ ಪರಿಕರಗಳನ್ನು ಇಂದಿಗೂ ನೋಡಬಹುದು. ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. ಆದರೆ ಗಾಜಿನ ಹಿಂದಿನ ವಸ್ತು ತನ್ನ ಭಾರವನ್ನು ಹೇಳುವುದಿಲ್ಲ. ಒರಳುಕಲ್ಲಿನ ಚಟ್ನಿಯ ರುಚಿ ಬೇರೆ ಎಂದು ನೆನೆಯುವವರಲ್ಲಿ ಹೆಚ್ಚಿನವರು ಚಟ್ನಿ ತಿಂದವರು. ಅರೆದವರನ್ನು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಆದ್ದರಿಂದ ಈ ರಜೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಅಟ್ಟದ ಮೇಲಿರುವ ಪಂಪ್ ಸ್ಟೌ, ಮೂಲೆಯ ಬೀಸುವ ಕಲ್ಲು, ಬಣ್ಣ ಮಾಸಿದ ಮಿಕ್ಸಿ ಗುಜರಿಯವನ ತಕ್ಕಡಿಗೆ ಹೋಗುವ ಮೊದಲು ಒಂದು ಪುಸ್ತಕ ಹಿಡಿದು ಅಜ್ಜಿಯ ಪಕ್ಕ ಕುಳಿತುಕೊಳ್ಳಿ. ಯಾವುದು ಯಾವ ವರ್ಷ ಬಂತು, ಯಾವ ಬೆಳೆಯ ದುಡ್ಡಿನಿಂದ ಬಂತು, ಅದರ ಬಣ್ಣ ಯಾವುದು ಎಂದು ಬರೆದುಕೊಳ್ಳಿ. ಕೊನೆಗೆ ಒಂದೇ ಪ್ರಶ್ನೆ ಕೇಳಿ: "ಅಜ್ಜೀ, ಇದರಲ್ಲಿ ಯಾವುದು ಮನೆಗೆ ಬಂದಾಗ ನಿನಗೆ ಹೆಚ್ಚು ಸಂತೋಷವಾಯಿತು?" ಅಪ್ಪ ಅಮ್ಮಂದಿರೂ ಪಕ್ಕದಲ್ಲಿ ಕುಳಿತು ಕೇಳಲಿ. ಆ ಉತ್ತರ ಅವರಿಗೂ ಹೊಸದಾಗಿರಬಹುದು.